ಮುಂದೆ ಹೋಗುವುದಕ್ಕೆ ಇರುವ ಮಾತುಗಳು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು, ಅಲ್ಲಿ ಬರೆಯಲಿಲ್ಲ. ಈಗ ಇಲ್ಲಿ ಬರೆದು ಹಗುರಾದರೆ ಅದು ಇನ್ನೊಂದು ಅನುಕೂಲ ಮಾಡಿಕೊಂಡ ಹಾಗೆ. ನಾವು ಹುಡುಗಿಯರು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಶಿಕ್ಷಕಿಯರನ್ನೆಲ್ಲ ಕರೆಯುವುದು ಹಾಗೆಯೇ. ಜೇವರ್ಗಿಯ ಶಾಲೆಯಲ್ಲಿ ನನಗೆ ಮೂರು ವರ್ಷ ಇಂಗ್ಲಿಷ್ ಕಲಿಸಿದರು. ಹೋದ ತಿಂಗಳು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಒಂಬತ್ತು ದಿನದ ಮೇಲೆ, ಅದೂ ಒಂದು ವಾಟ್ಸ್ಯಾಪ್ ಗುಂಪಿನಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋದ ಕೆಳಗೆ.

ಅಂದಿನಿಂದ ನನ್ನ ಹಳೆಯ ಡೈರಿಗಳನ್ನು ತೆಗೆದು ಕೂತಿದ್ದೇನೆ. ನಾನು ಹದಿನಾರರ ವಯಸ್ಸಿನಿಂದ ಡೈರಿ ಬರೆಯುವವಳು. ಆದ್ದರಿಂದ ನೆನಪನ್ನು ಪರೀಕ್ಷಿಸಲು ನನ್ನ ಬಳಿ ಸಾಕ್ಷಿ ಇದೆ ಎಂದು ನಂಬಿದ್ದೆ. ಈಗ ನೋಡಿದರೆ ಸಾಕ್ಷಿಯೂ ನನ್ನ ಕಡೆಯದೇ.

ಎತ್ತರ ಕಡಿಮೆ, ನಡಿಗೆ ಜೋರು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್. ಜೊತೆಗೆ ಓದಿದವಳೊಬ್ಬಳು ಪೆನ್ಸಿಲ್ ಇರುತ್ತಿದ್ದದ್ದು ಕಿವಿಯ ಮೇಲೆ ಎನ್ನುತ್ತಾಳೆ. ಇರಬಹುದು, ನನಗೆ ಕಾಣುವುದು ತುರುಬು. ನಮ್ಮ ಬರಹವನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಹೇಳಿದ್ದರು: "ನಿಮ್ಮ ತಪ್ಪು ನಾ ತಿದ್ದತೇನಿ, ನನ್ನ ತಪ್ಪು ಯಾರ್ ತಿದ್ದಬೇಕು? ಪೆನ್ಸಿಲ್ ಇದ್ರ ಅಳಸಾಕ ಬರ್ತದ."

ಅವರದೊಂದು ಕಟ್ಟುನಿಟ್ಟು ಇತ್ತು. ಯಾವ ಹೊಸ ಪದ ಕಲಿಸಿದರೂ ಅದನ್ನಿಟ್ಟು ಒಂದು ವಾಕ್ಯ ಬರೆದು ತರಬೇಕು, ಆ ವಾಕ್ಯದಲ್ಲಿರುವುದು ಆ ವಾರ ನಾವು ಕಣ್ಣಾರೆ ಕಂಡದ್ದಾಗಿರಬೇಕು. ಗೈಡಿನಿಂದ ಎತ್ತಿ ತಂದರೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಬೈಯುತ್ತಿರಲಿಲ್ಲ. ವಾಕ್ಯದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ "ಯಾರದು?" ಎಂದು ಬರೆದು ಹಿಂದಕ್ಕೆ ಕೊಡುತ್ತಿದ್ದರು. ಆ ಒಂದು ಮಾತಿಗೆ ನಾವು ಛಡಿ ಏಟಿಗಿಂತ ಹೆಚ್ಚು ಅಂಜುತ್ತಿದ್ದೆವು.

ಮುಂದೆ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತುಗಳ ಪಾಠ ನಡೆದದ್ದು ಶಾಲೆಯ ಪಡಸಾಲೆಯಲ್ಲಿ. ನನ್ನನ್ನು ಒಂದು ಕಂಬದ ಹತ್ತಿರ ನಿಲ್ಲಿಸಿದರು.

"ಏ ಹುಡುಗಿ, ಆ ಕಂಬಕ್ಕ ಹೋಗು."

ಹೋದೆ.

"ಹ್ಯಾಂಗ ಹೋದಿ?"

"ಕಾಲಿಲೆ ಹೋದ್ನಿರಿ ಅಕ್ಕೋರೆ."

ತರಗತಿ ನಕ್ಕಿತು. "ಕಾಲಿಲೆ ಅಲ್ದ ತಲಿಲೆ ಹೋಗ್ತಿದ್ದೇನು? ಯಾಕ ಹೋದಿ, ಅದು ಹೇಳು."

"ನೀವು ಹೋಗಂದ್ರಿ, ಅದಕ್ಕರಿ."

"ಹಾಂ! ನಿಂತಿದ್ದಿ, ಒಬ್ಬರು ಹೋಗಂದ್ರು, ಹೋದಿ. ಇದು ಪ್ರೊಸೀಡ್. ಈಗ ನೀ ಬಾರಬೇ." ಇನ್ನೊಬ್ಬಳ ಕೈಗೆ ನೀರಿನ ಬಕೆಟ್ ಕೊಟ್ಟು ಎದುರಿನಿಂದ ನನ್ನ ಕಡೆಗೇ ಬರಲು ಹೇಳಿದರು. ನಾನು ಕಿರುಚಿ ಹಿಂದೆ ಸರಿದೆ. "ಇದು ಅಡ್ವಾನ್ಸ್. ಎದುರಿಗೆ ಯಾರರ ಇರಬೇಕು, ಅವರಿಗೆ ಅಂಜಿಕಿ ಬರಬೇಕು. ಭೀಮಾ ತುಂಬಿದಾಗ ನೀರು ತೊಗರಿ ಹೊಲದ ಕಡೆ ಬರ್ತದಲ್ಲ, ಹಂಗ." ಪ್ರೋಗ್ರೆಸ್ ಎಂಬುದಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಸಿ ಪ್ರತಿಯೊಬ್ಬಳೂ ಎಷ್ಟು ದೂರ ಜಿಗಿಯುತ್ತಾಳೆಂದು ಗುರುತು ಮಾಡಿಸಿದರು. ಮರುದಿನ ಅದೇ ಗೆರೆಯಿಂದ ಜಿಗಿಯಬೇಕು. "ಬಾಜೂದಾಕಿ ಕಡೆ ನೋಡಬ್ಯಾಡ. ನಿನ್ನಿ ನಿಂದೇ ಗುರುತದ, ಅದನ್ನ ನೋಡು."

ಕೊನೆಗೆ ಗೆಟ್ ಅಹೆಡ್. ನನ್ನನ್ನೂ ಇನ್ನೊಬ್ಬಳನ್ನೂ ಒಂದೇ ಕಂಬದ ಬಳಿ ನಿಲ್ಲಿಸಿ, ನನಗೆ ಮಾತ್ರ ಓಡಲು ಹೇಳಿದರು. ನಾನು ಓಡಿ ಆ ತುದಿ ಮುಟ್ಟಿ, ಗೆದ್ದವಳಂತೆ ತಿರುಗಿ ನೋಡಿದೆ. ಅಕ್ಕೋರು ನನ್ನನ್ನು ಕೇಳಲೇ ಇಲ್ಲ. ನಿಂತವಳನ್ನು ಕೇಳಿದರು.

"ನಿನಗೇನ್ ಆತಬೇ?"

ಆಕೆ ಸ್ವಲ್ಪ ಯೋಚಿಸಿ ಹೇಳಿದಳು: "ನಾ ಇದ್ದಲ್ಲೇ ಇದ್ದೇನ್ರಿ ಅಕ್ಕೋರೆ. ಆದ್ರ ಹಿಂದ ಬಿದ್ದೇನಿ."

"ಬರಕೋರಿ ಎಲ್ಲರೂ. ಇದು ಡಿಕ್ಷನರಿಯಾಗ ಸಿಗಂಗಿಲ್ಲ. ಹಿಂದ ಒಬ್ಬರು ಉಳೀಲಿಲ್ಲಂದ್ರ ಈ ಮಾತು ಬರಂಗಿಲ್ಲ."

ಇದು ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಲಾರೆ. ನಾಲ್ಕು ಮಾತೂ ಒಂದೇ ದಿನ ಕಲಿಸಿರಲಿಕ್ಕಿಲ್ಲ. ನಿಂತವಳ ಉತ್ತರ ಮಾತ್ರ ನಾನು ಕಟ್ಟಿದ್ದಲ್ಲ. ಅಷ್ಟು ಒಳ್ಳೆಯದನ್ನು ಕಟ್ಟುವ ಶಕ್ತಿ ನನಗೆ ಇಲ್ಲವೆಂದು ಮುಂದೆ ಸಾಬೀತಾಯಿತು.

ಹತ್ತನೆಯ ತರಗತಿ ಮುಗಿದಾಗ ನನ್ನ ಓದು ನಿಲ್ಲಿಸುವ ಮಾತು ಮನೆಯಲ್ಲಿ ಶುರುವಾಯಿತು. ಅಪ್ಪನದು ವಿಜಯಪುರ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಯಾರು ಹೇಳಿದರೋ, ಅಕ್ಕೋರು ತಾವಾಗಿಯೇ ಮನೆಗೆ ಬಂದರು.

"ಹೆಣ್ಮಕ್ಕಳು ಎಷ್ಟ್ ಓದಿದ್ರೇನ್ರಿ ಅಕ್ಕೋರೆ," ಅಂದರು ಅಪ್ಪ.

"ಕಾಕಾ, ಬೀಜ ಮಾರೂಕಿಂತ ಮೊದಲ ಒಂದ್ ಹಿಡಿ ನೆನಿ ಹಾಕಿ ಮೊಳಕಿ ನೋಡ್ತೀರಿಲ್ಲ? ಹಂಗ ಎರಡ್ ವರ್ಷ ನೆನಿ ಹಾಕ್ರಿ ಈಕೀನ. ಮೊಳಕಿ ಒಡೀಲಿಲ್ಲಂದ್ರ ನಾನೇ ಬಂದು ಲಗ್ನದಾಗ ಅಕ್ಕಿಕಾಳ ಹಾಕ್ತೇನಿ."

ಅಪ್ಪ ಜೋರಾಗಿ ನಕ್ಕರು. ನನ್ನ ಓದು ಉಳಿಯಿತು. ಅವ್ವ ಚಹಾ ತಂದಳು. ಅಪ್ಪನಿಗೆ ಸ್ಟೀಲ್ ಕಪ್ಪು, ಅಕ್ಕೋರಿಗೆ ಪೇಪರ್ ಕಪ್ಪು. ಅಕ್ಕೋರು ಆಳಂದ ತಾಲ್ಲೂಕಿನ ಮಟಕಿಯಿಂದ ಬಂದವರು, ಬೌದ್ಧರ ಮನೆಯವರು ಎಂಬುದು ಅವ್ವನಿಗೆ ಗೊತ್ತಿತ್ತು. ಅವರು ಚಹಾ ಕುಡಿದರು, ಖಾಲಿ ಕಪ್ಪನ್ನು ಮಡಿಸಿದರು, ತಮ್ಮ ಚೀಲದೊಳಗೇ ಇಟ್ಟುಕೊಂಡರು. "ನಿಮಗ್ಯಾಕ ಕಸ, ವೈನಿ," ಅಂದರು. ಆ ದಿನದ ಡೈರಿಯಲ್ಲಿ ಬೀಜದ ಮಾತು ಪೂರ್ತಿ ಇದೆ. ಕಪ್ಪಿನ ಮಾತಿಲ್ಲ.

ಬಿ.ಎ. ಮುಗಿಸಿ ಎಂ.ಎ. ಪ್ರವೇಶ ಪರೀಕ್ಷೆಗೆ ಕಲಬುರಗಿಗೆ ಹೊರಟಾಗಲೂ ಜೊತೆಗೆ ಬಂದವರು ಅವರೇ. ಅಂದು ಬಸ್ ನಿಲ್ಲುವ ಮೊದಲೇ ಓಡಿ ಹೋಗಿ ಕಿಟಕಿಯಿಂದ ತಮ್ಮ ದಸ್ತಿಯನ್ನು ಸೀಟಿನ ಮೇಲೆ ಎಸೆದರು. ಕರವಸ್ತ್ರಕ್ಕೆ ನಮ್ಮಲ್ಲಿ ದಸ್ತಿ ಅನ್ನುತ್ತೇವೆ. ದಸ್ತಿ ಬಿದ್ದ ಸೀಟು ಹಾಕಿದವರದು, ಅದಕ್ಕೆ ಬೇರೆ ಕಾಗದಪತ್ರ ಬೇಕಿಲ್ಲ. ನಾವು ಗದ್ದಲದಲ್ಲಿ ಹತ್ತಿ ನೋಡಿದರೆ ಧಡೂತಿ ಮನುಷ್ಯನೊಬ್ಬ ದಸ್ತಿಯನ್ನು ಪಕ್ಕಕ್ಕೆ ಸರಿಸಿ ಕೂತಿದ್ದ.

"ಅಣ್ಣಾ, ಏಳು."

"ದಸ್ತಿ ಇಟ್ರ ಸೀಟ್ ಖರೀದಿ ಮಾಡ್ದಂಗೇನ್ರಿ?"

"ಅದು ದಸ್ತಿ ಅಲ್ಲಣ್ಣಾ, ಮನಷಾ ಅದ."

"ಮನಷಾ ಎಲ್ಲದರಿ?"

"ಹಿಂದ ಬರಾಕತ್ತದ ನೋಡು, ಪರೀಕ್ಷಾ ಬರಿಯೋ ಮನಷಾ."

ಬಸ್ಸಿಗೆ ಬಸ್ಸೇ ನಕ್ಕಿತು. ಆತನೂ ನಗುತ್ತಲೇ ಎದ್ದ. ನನ್ನನ್ನು ಕೂರಿಸಿ, ಅವರು ಕಲಬುರಗಿಯವರೆಗೂ ನಿಂತೇ ಬಂದರು. ದಾರಿಯಲ್ಲಿ ಚೀಲದಿಂದ ಖಾಕಿ ಹೊದಿಕೆಯ ಒಂದು ಉದ್ದನೆಯ ವಹಿ ತೆಗೆದು ನನ್ನ ತೊಡೆಯ ಮೇಲಿಟ್ಟರು. ಇಪ್ಪತ್ತು ವರ್ಷ ಅವರು ಕೂಡಿಸಿದ್ದ ಪದಗಳು. ಒಂದೊಂದು ಅರ್ಥಕ್ಕೆ ಎಷ್ಟು ಮಾತಿದೆ, ಎಲ್ಲಿ ಯಾವುದು ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ, ಪ್ರತಿ ಮಾತಿಗೂ ತಾವು ಕಂಡದ್ದರಿಂದಲೇ ಒಂದು ವಾಕ್ಯ.

"ಪರೀಕ್ಷಾ ಮುಗದ್ ಮ್ಯಾಲ ಹೊಳ್ಳಿ ಕೊಡು ತಂಗಿ. ಇದರದು ಇನ್ನೊಂದು ಇಲ್ಲ."

ಹೊಳ್ಳಿ ಕೊಡಲಿಲ್ಲ. ಮೊದಲು ಮರೆತೆ. ಆಮೇಲೆ ಮರೆಯಲಿಲ್ಲ. ಒಮ್ಮೆ ಫೋನಿನಲ್ಲಿ ಕೇಳಿದರು, ಹಾಸ್ಟೆಲಿನ ಟ್ರಂಕಿನಲ್ಲಿದೆ ಅಂದೆ. ಆಗ ಅದು ನನ್ನ ಎದುರಿಗೆ ಮೇಜಿನ ಮೇಲೆ ತೆರೆದೇ ಇತ್ತು. ಅಕ್ಕೋರು ಮತ್ತೆ ಕೇಳಲಿಲ್ಲ.

ಎಂ.ಎ. ಆದ ಮೇಲೆ ನಾನು ಅಫಜಲಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಪ್ರತಿ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಕೆಲಸ ಅದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷಿನ ಒಂದು ಅಭ್ಯಾಸ ಪುಸ್ತಕ ಬೇಕಾಗಿದೆ, ಕರಡು ತಯಾರಿಸುತ್ತೀರಾ ಎಂದು ಮೇಲಿನವರು ಕೇಳಿದಾಗ ಹೂಂ ಅಂದೆ. ಹತ್ತು ದಿನದಲ್ಲಿ ಕೊಟ್ಟೆ. ಎಲ್ಲರೂ ನನ್ನ ವೇಗಕ್ಕೆ ಬೆರಗಾದರು. ಖಾಕಿ ವಹಿಯಿಂದ ಇಳಿಸುತ್ತಾ ಹೋಗುವುದಕ್ಕೆ ಹತ್ತು ದಿನ ಹೆಚ್ಚೇ ಆಗಿತ್ತು. ಅಚ್ಚಾಗುವಾಗ ಮೊದಲ ಪುಟದಲ್ಲಿ ಅವರ ಹೆಸರು ಹಾಕಿಸಬೇಕೆಂದು ಅಂದುಕೊಂಡಿದ್ದೆ. ಆಗಲೇ ಅಂದುಕೊಂಡಿದ್ದೆನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ, ಖಾತ್ರಿಯಿಲ್ಲ. ಡೈರಿಯಲ್ಲಂತೂ ಇಲ್ಲ.

ಕರಡನ್ನು ನೋಡಿ ಅಭಿಪ್ರಾಯ ಹೇಳಲು ಸುತ್ತಲಿನ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರನ್ನು ಕರೆಸಿದ್ದರು. ಅಕ್ಕೋರಿಗೆ ಅಫಜಲಪುರ ತಾಲ್ಲೂಕಿಗೆ ವರ್ಗವಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ವೇದಿಕೆಯ ಮೇಲೆ ಹೋಗಿ ಕೂತ ಮೇಲೆ ನೋಡಿದೆ: ಮೂರನೆಯ ಸಾಲು, ಕಿಟಕಿಯ ಪಕ್ಕ, ತುರುಬಿನಲ್ಲಿ ಪೆನ್ಸಿಲ್. ನನ್ನನ್ನು ಕಂಡು ಮುಖ ಅರಳಿತು. ಪಕ್ಕದವರಿಗೆ ಏನೋ ಹೇಳಿದರು. ನಮ್ಮ ಹುಡುಗಿ ಅಂದಿರಬೇಕು.

ಕಲಬುರಗಿಯಿಂದ ಬಂದಿದ್ದ ಅಧಿಕಾರಿ ಓದುವ ರುಚಿಯಿದ್ದ ಮನುಷ್ಯ. ಹಾಳೆ ತಿರುವುತ್ತಾ ಒಂದು ಕಡೆ ನಿಂತರು. ಪ್ರೊಸೀಡ್ ಎಂಬ ಮಾತಿನ ಕೆಳಗಿನ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟೇ: 'ನಮ್ಮ ಅಣ್ಣನ ಮದುವೆಯ ಮೆರವಣಿಗೆ ಹೆಣ್ಣಿನ ಊರಿನ ಅಗಸಿಯಲ್ಲಿ ನಿಂತಿತು. ಒಂದು ತಾಸಿನ ನಂತರ ಮುಂದುವರಿಯಿತು.'

"ನೋಡ್ರಿ," ಅಂದರು ಅವರು, "ಊರ ಬಾಗಿಲಾಗ ಯಾಕ ನಿಂತಿತು, ಯಾರ್ ನಿಂದ್ರಿಸಿದ್ರು, ಆ ಒಂದು ತಾಸಿನಾಗ ಏನೇನ್ ಮಾತಾತು, ಒಂದೂ ಬರದಿಲ್ಲ. ಎಲ್ಲಾ ಆ ಒಂದು ಮಾತಿನಾಗೇ ಅದ. ಯಾರ್ದ್ರಿ ಇದು, ಮೇಡಂ? ಎಲ್ಲಿಂದರ ತಗೊಂಡೀರೋ, ನಿಮ್ದೋ?"

ಸಭೆ ನನ್ನ ಕಡೆ ತಿರುಗಿತು. ನನಗೆ ಅಣ್ಣನಿಲ್ಲ. ನಮ್ಮ ಮನೆಯ ಮದುವೆಯ ಮೆರವಣಿಗೆಯನ್ನು ಯಾವ ಊರಿನ ಅಗಸಿಯಲ್ಲಿಯೂ ಯಾರೂ ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ.

"ನಂದೇ ರಿ ಸರ್," ಅಂದೆ.

ಅಕ್ಕೋರು ತಲೆ ತಗ್ಗಿಸಿ ಹಾಳೆಯ ಮೇಲೆ ಏನೋ ಗುರುತು ಮಾಡಿಕೊಂಡರು. ಎದ್ದು ನಿಲ್ಲುತ್ತಾರೆಂದು ಕಾದೆ. ನಿಲ್ಲಲಿ ಎಂದು ಬಯಸಿದೆನೇ? ಹಾಗೆ ಬರೆದರೆ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತೇನೆ. ಅದಕ್ಕೇ ಆ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅವರ ಅಭಿಪ್ರಾಯ ಕೇಳಿದಾಗ, "ಮಕ್ಕಳಿಗೆ ಉಪಯೋಗ ಆಗ್ತದರಿ," ಅಂದು ಕೂತರು. ಊಟದ ಹೊತ್ತಿಗೆ ನಾನು ಅಧಿಕಾರಿಗಳ ಗುಂಪಿನಲ್ಲಿ ಅಡಗಿದ್ದೆ. ಅವರಾಗಿಯೇ ಬಂದರು.

"ಉಂಡೀಯಿಲ್ಲ ತಂಗಿ?"

"ಉಂಡೇನ್ರಿ ಅಕ್ಕೋರೆ."

"ಸೊರಗಿದಂಗ ಕಾಣ್ತಿ. ಹೊತ್ತಿಗಿ ಸರಿ ಉಣ್ಣು." ಇಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಆ ದಿನದ ಡೈರಿ ಹೀಗಿದೆ: 'ಸಭೆ ಚೆನ್ನಾಗಿ ಆಯಿತು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಸಂಜೆ ತಲೆನೋವು.'

ಅಚ್ಚಾದ ಆ ಪುಸ್ತಕದ ಬಲದ ಮೇಲೆ, ಅದನ್ನು ಮಾಡಿಸಿದ ಕಚೇರಿಯವರು ನನ್ನನ್ನು ಕಲಬುರಗಿಗೆ ಕರೆಸಿಕೊಂಡರು. ಕೆಲಸ ಉಳಿಯುತ್ತದೋ ಎಂದು ಕಾಯುವುದು ತಪ್ಪಿತು. ಅಕ್ಕೋರು ನಿವೃತ್ತಿಯಾದಾಗ ಫೋನ್ ಮಾಡಿ ಬಾ ಎಂದು ಕರೆದರು; ಜ್ವರ ಅಂದೆ. ಡೈರಿಯಲ್ಲೂ ಜ್ವರ ಎಂದೇ ಇದೆ. ಜ್ವರ ಬಂದಿತ್ತೋ, ಡೈರಿಗೂ ಸುಳ್ಳು ಹೇಳಿದೆನೋ, ಹೇಳುವವರು ಈಗ ಯಾರೂ ಇಲ್ಲ.

ಸಾವಿನ ಸುದ್ದಿ ತಿಳಿದ ಮುಂದಿನ ಭಾನುವಾರ ಖಾಕಿ ವಹಿಯನ್ನು ಚೀಲದಲ್ಲಿಟ್ಟುಕೊಂಡು ಆಳಂದದ ಬಸ್ ಹತ್ತಿದೆ, ಅಲ್ಲಿಂದ ಮಟಕಿಗೆ. ಮನೆಯಲ್ಲಿ ಅವರ ತಂಗಿ ಇದ್ದರು. ಐವತ್ತು ದಾಟಿದ ಹೆಂಗಸು, ಹೊಲದ ಕೆಲಸದ ಕೈಗಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಕ್ಕೋರ ಹೊಸ ಫೋಟೋ. ನನ್ನ ಹೆಸರು ಹೇಳುತ್ತಲೇ ಆಕೆ ಒಳಗೆ ಓಡಿ ನೀರು ತಂದರು, ಚಹಾಕ್ಕಿಟ್ಟರು.

"ನೀವೇ ಏನ್ರಿ? ನಮ್ಮಕ್ಕ ದಿನಾ ನಿಮ್ಮ ಮಾತೇ. ಬುಕ್ಕ ಬರದಾಳ ನಮ್ಮ ಹುಡುಗಿ ಅಂತ ಬಂದೋರಿಗೆಲ್ಲ ತೋರಸ್ತಿದ್ಲು. ಮಲಗಿದ್ ಮ್ಯಾಲೂ ದಿಂಬಿನ ಬಾಜೂಕೇ ಇತ್ತರಿ."

ಚಹಾ ಸ್ಟೀಲ್ ಕಪ್ಪಿನಲ್ಲಿ ಬಂತು. ಅದರ ಜೊತೆಗೆ ಆ ಅಭ್ಯಾಸ ಪುಸ್ತಕವೂ ಬಂತು. ತೆರೆದು ನೋಡುವ ಧೈರ್ಯವಿರಲಿಲ್ಲ, ಆದರೂ ತೆರೆದೆ. ಪ್ರತಿ ಪುಟದ ಕೆಳಗೂ ಪೆನ್ಸಿಲ್ ಗೆರೆ ಇರುತ್ತದೆ, "ಯಾರದು?" ಎಂದಿರುತ್ತದೆ ಎಂದುಕೊಂಡಿದ್ದೆ. ಎಲ್ಲೂ ಇರಲಿಲ್ಲ. ತಮ್ಮ ಯಾವ ವಾಕ್ಯದ ಪಕ್ಕದಲ್ಲೂ ಅವರು ಏನನ್ನೂ ಬರೆದಿರಲಿಲ್ಲ. ಗೆಟ್ ಅಹೆಡ್ ಇದ್ದ ಪುಟದಲ್ಲಿ ಮಾತ್ರ ಒಂದು ಗುರುತು. ಆ ಪುಟದ ಜಾಗ ತುಂಬಿಸಲು ನಾನೇ ಸೇರಿಸಿದ್ದ ವಾಕ್ಯ ಅದು, ಇಡೀ ಪುಸ್ತಕದಲ್ಲಿ ನನ್ನದು ಅದೊಂದೇ. ಅಫಜಲಪುರದ ಬಸ್ ನಿಲ್ದಾಣದಲ್ಲಿ ಕಂಡದ್ದು: 'ಎಲ್ಲರಿಗಿಂತ ಕೊನೆಗೆ ಬಂದವಳು ಮೊದಲು ದಸ್ತಿ ಎಸೆದಳು, ಬಿಸಿಲಿನಲ್ಲಿ ನಿಂತಿದ್ದವರನ್ನೆಲ್ಲ ಹಿಂದೆ ಹಾಕಿದಳು.' ಅದರ ಪಕ್ಕ ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: 'ಇದು ನಿಂದು. ಚಲೋ ಅದ.'

"ಅದನ್ನೂ ತೋರಸ್ತಿದ್ಲರಿ," ಅಂದರು ತಂಗಿ. "ಇದೊಂದು ಖರೇ ಆಕೀದು ಅಂತಿದ್ಲು. ನಾ ಏಳನೇತ್ತಾ ತನಕ ಕನ್ನಡ ಓದೇನಿ, ಇಂಗ್ಲಿಷ್ ಬರಂಗಿಲ್ಲ. ಉಳದಿದ್ದೆಲ್ಲ ಏನ್ ಬರದೀರಿ? ಒಂದರ ಓದಿ ಹೇಳ್ರಿ."

ಯಾವುದಾದರೂ ಓದಬಹುದಿತ್ತು. ತೊಗರಿ ಹೊಲದ್ದು ಓದಬಹುದಿತ್ತು. ಕೈ ಯಾಕೆ ಆ ಪುಟಕ್ಕೇ ಹೋಯಿತೋ, ಮೆರವಣಿಗೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ.

ಆಕೆ ನಿಧಾನವಾಗಿ ಹೇಳಿದರು: "ಇದು ನಮ್ಮಣ್ಣಂದು. ನಾನೂ ಇದ್ದೆನಿ ಅಲ್ಲಿ. ಸಣ್ಣಾಕಿ ಇದ್ದೆ. ಬಾಜಾದವರು ಬಾಜಾ ಕೆಳಗಿಟ್ಟು ಕುಂತಿದ್ರು. ನಮ್ಮಕ್ಕ ನನ್ನ ಕೈ ಹಿಡಕೊಂಡು ನಿಂತಿದ್ಲು."

"ಹೌದ್ರಿ," ಅಂದೆ. "ಇದು ಅಕ್ಕೋರದು. ಇದರಾಗಿರೋದೆಲ್ಲ ಅಕ್ಕೋರದೇ." ಖಾಕಿ ವಹಿಯನ್ನು ತೆಗೆದು ಅವರ ಮುಂದಿಟ್ಟೆ. ಕೊನೆಗೂ ಹೇಳಿದೆ. ಅದೂ ಎಲ್ಲಿ? ಹೇಳಿದರೆ ನನಗೆ ಏನೂ ಹೋಗದ ಕಡೆ, ಇಂಗ್ಲಿಷ್ ಬಾರದ ಒಬ್ಬರ ಎದುರು.

ಆಕೆ ವಹಿಯನ್ನು ಮುಟ್ಟಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಖಪುಟಕ್ಕೆ ತಿರುಗಿಸಿದರು. ಅದರ ಮೇಲಿನ ಅಕ್ಷರಗಳು ಕನ್ನಡದವು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರನ್ನು ಓದಿದರು. ಒಳಗಿನ ಮೊದಲ ಪುಟದ ಕನ್ನಡವನ್ನೂ ಓದಿದರು. ಕೊನೆಯ ಪುಟವನ್ನೂ ನೋಡಿದರು.

"ನಮ್ಮಕ್ಕನ ಹೆಸರ್ ಎಲ್ಲದರಿ?"

ನಾನು ಖಾಕಿ ವಹಿಯನ್ನು ಅವರ ಕಡೆ ಇನ್ನಷ್ಟು ಸರಿಸಿದೆ.

"ನನಗ ಸಿಗವಲ್ದು. ನೀವೇ ತೋರಸ್ರಿ."

ನಾನು ಪುಸ್ತಕಕ್ಕಾಗಿ ಕೈ ಚಾಚಿದೆ. ಆಕೆ ಕೊಡಲಿಲ್ಲ. ಸಿಟ್ಟಿನ ದನಿಯಲ್ಲ, ಮನೆಯ ಸಾಮಾನನ್ನು ಜೋಪಾನ ಮಾಡುವವರ ದನಿಯಲ್ಲಿ ಹೇಳಿದರು: "ಇದು ಇಲ್ಲೇ ಇರ್ಲಿ. ಹೆಸರ್ ಹಾಕ್ಸಿ ಹೊಸಾದು ತಗೊಂಡ್ ಬರ್ರಿ, ಆಮ್ಯಾಲ ಎರಡೂ ಇಡ್ತೇನಿ." ಹೊರಡುವಾಗ ಬಾಗಿಲ ತನಕ ಬಂದರು. ಮತ್ತೆ ಬನ್ನಿ ಅನ್ನಲಿಲ್ಲ.

ಪುಸ್ತಕದ ಹೊಸ ಮುದ್ರಣ ಬರುವ ತಿಂಗಳಿದೆ. ಮಟಕಿಯಿಂದ ಬಂದು ಎಂಟು ದಿನ ಕಚೇರಿಗೆ ಒಂದು ಪತ್ರ ಬರೆಯಲು ಕೂತಿದ್ದೆ. ಮೊದಲ ಸಲ ಬರೆದೆ: ಈ ಪುಸ್ತಕಕ್ಕೆ ನನ್ನ ಶಿಕ್ಷಕಿಯ ನೆರವು ಪಡೆದಿದ್ದೇನೆ. ಹರಿದೆ. ಎರಡನೆಯ ಸಲ: ಅವರ ಟಿಪ್ಪಣಿಗಳನ್ನು ಆಧರಿಸಿದ್ದೇನೆ. ಮೂರನೆಯ ಸಲ: ಅವರ ವಾಕ್ಯಗಳನ್ನು ಬಳಸಿಕೊಂಡಿದ್ದೇನೆ. ಒಂದಕ್ಕಿಂತ ಒಂದು ಸತ್ಯದ ಹತ್ತಿರಕ್ಕೆ ಹೋದಂತೆ ಕಂಡರೂ ಮೂರರಲ್ಲಿಯೂ ನಾನು ಸೀಟಿನ ಮೇಲೆಯೇ ಕೂತಿದ್ದೆ.

ನಾಲ್ಕನೆಯ ಸಲ ಅವರ ಪೂರ್ತಿ ಹೆಸರು, ಊರು, ಕಲಿಸಿದ ಶಾಲೆಗಳನ್ನು ಬರೆದೆ. ಆಮೇಲೆ ಬರೆದೆ: 'ಪುಸ್ತಕ ಇವರದು. ಒಂದು ವಾಕ್ಯ ಬಿಟ್ಟು ಇದರಲ್ಲಿ ನನ್ನದು ಯಾವುದೂ ಇಲ್ಲ. ಅಫಜಲಪುರದ ಸಭೆಯಲ್ಲಿ ನನ್ನದೆಂದು ಹೇಳಿದ್ದು ಸುಳ್ಳು. ಮುಖಪುಟದಿಂದ ನನ್ನ ಹೆಸರನ್ನು ತೆಗೆಯಿರಿ.' ಓದಿ ನೋಡಿದೆ. ಅಕ್ಕೋರು ಗೆರೆ ಎಳೆಯುವಂಥ ಸಾಲು ಎಲ್ಲಿಯಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ. ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿ ಬಂದೆ.